ತೊಡೆಸಂದು: ಅಲ್ಲೇನಿದೆ, ಯಾಕೆ ನೋಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡಿ ನೋವನ್ನು ಎಲ್ಲರ ಮುಂದೆ ಹೇಳಿಕೊಳ್ಳುತ್ತೇವೆ. ತೊಡೆಸಂದಿನ ನೋವನ್ನು ಮಾತ್ರ ಮನೆಯವರಿಗೂ ಹೇಳುವುದಿಲ್ಲ. ನಮ್ಮ ದೊಡ್ಡಪ್ಪ ಕೆಮ್ಮು ಬರುವ ಮುಂಚೆ ಬಲಗೈಯನ್ನು ತೊಡೆಸಂದಿಗೆ ಒತ್ತಿ ಹಿಡಿಯುತ್ತಿದ್ದರು. ಸೀನು ಬಂದರೂ ಹಾಗೇ. ಮೊದಲು ಕೈ ಹೋಗುತ್ತಿತ್ತು, ಆಮೇಲೆ ಸೀನು. ಅದು ಅವರ ಅಭ್ಯಾಸ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಒಳಗೆ ಹರ್ನಿಯಾ (ಹೊಟ್ಟೆಯ ಗೋಡೆಯ ದುರ್ಬಲ ಜಾಗದಿಂದ ಒಳಗಿನದು ಹೊರಗೆ ಉಬ್ಬುವುದು) ಇತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅವತ್ತಿನಿಂದ ಈ ಜಾಗದ ಬಗ್ಗೆ ಓದುತ್ತಾ, ತಿಳಿದವರನ್ನು ಕೇಳುತ್ತಾ ಬಂದಿದ್ದೇನೆ. ಜನ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಇದನ್ನು ಓದಿ ನಿಮ್ಮ ಕಾಯಿಲೆಗೆ ನೀವೇ ಹೆಸರಿಡಬೇಡಿ. ಡಾಕ್ಟರ ಹತ್ತಿರ ಏನು ಹೇಳಬೇಕು ಅಂತ ತಿಳಿದರೆ ಸಾಕು.

ಎಲ್ಲಕ್ಕಿಂತ ಮೊದಲು, ಯಾವಾಗ ತಕ್ಷಣ ಆಸ್ಪತ್ರೆಗೆ ಹೋಗಬೇಕು?

ಹುಡುಗರಿಗೆ, ಗಂಡಸರಿಗೆ ಬೀಜದಲ್ಲಿ (ವೃಷಣದಲ್ಲಿ) ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ಒಂದು ಗಂಟೆಯೂ ಕಾಯಬೇಡಿ. ಬೀಜ ತಾನು ನೇತಾಡುವ ಹುರಿಯ ಮೇಲೆ ತಿರುಚಿಕೊಂಡು ರಕ್ತ ನಿಂತಿರಬಹುದು. ಸುಮಾರು 6 ಗಂಟೆಯೊಳಗೆ ಬಿಡಿಸಿದರೆ ಹೆಚ್ಚಾಗಿ ಉಳಿಯುತ್ತದೆ. ತಡವಾದಷ್ಟೂ ಕಳೆದುಕೊಳ್ಳುವ ಭಯ ಜಾಸ್ತಿ. ಇದು 12ರಿಂದ 18 ವಯಸ್ಸಿನ ಹುಡುಗರಲ್ಲಿ ಹೆಚ್ಚು. ಆ ವಯಸ್ಸಿನ ಹುಡುಗ ನಾಚಿಕೆಗೆ "ಹೊಟ್ಟೆ ನೋವು" ಅಂತಷ್ಟೇ ಹೇಳಬಹುದು, ವಾಂತಿಯೂ ಮಾಡಿಕೊಳ್ಳಬಹುದು. ಅಪ್ಪ ಅಮ್ಮ "ಕೆಳಗೆ ನೋಯುತ್ತಿದೆಯಾ?" ಅಂತ ನೇರವಾಗಿ ಕೇಳಬೇಕು.

ಎರಡನೆಯದು, ಹರ್ನಿಯಾ ಸಿಕ್ಕಿಹಾಕಿಕೊಳ್ಳುವುದು. ಇಷ್ಟು ದಿನ ಒಳಗೆ ಹೋಗುತ್ತಿದ್ದ ಗಂಟು ಇವತ್ತು ಹೋಗುತ್ತಿಲ್ಲ, ಗಟ್ಟಿಯಾಗಿದೆ, ಮುಟ್ಟಿದರೆ ನೋವು, ಮೇಲಿನ ಚರ್ಮ ಕೆಂಪಾಗಿದೆ, ವಾಂತಿ ಆಗುತ್ತಿದೆ, ಗಾಳಿ ಮಲ ಹೋಗುತ್ತಿಲ್ಲ ಅಂದರೆ ಒಳಗೆ ಕರುಳಿಗೆ ರಕ್ತ ನಿಲ್ಲುತ್ತಿರಬಹುದು. ಅದನ್ನು ಬಲವಂತವಾಗಿ ಒಳಗೆ ತಳ್ಳಲು ಹೋಗಬೇಡಿ.

ವಯಸ್ಸಾದವರು ಬಿದ್ದು, ತೊಡೆಸಂದು ನೋಯುತ್ತಿದೆ, ಕಾಲಿಗೆ ಭಾರ ಹಾಕಲು ಆಗುತ್ತಿಲ್ಲ ಅಂದರೆ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿರಬಹುದು. ಆ ಕಾಲು ಸ್ವಲ್ಪ ಗಿಡ್ಡವಾಗಿ, ಪಾದ ಹೊರಗೆ ವಾಲಿದಂತೆ ಕಾಣುತ್ತದೆ. ಮಗುವಿಗೆ ಜ್ವರ ಬಂದು ಒಂದು ಕಾಲು ಊರದೇ ಇದ್ದರೆ ಕೀಲಿನಲ್ಲಿ ಕೀವು ಆಗಿರಬಹುದು, ಅದಕ್ಕೂ ತಡ ಮಾಡಬಾರದು. ಒಂದೇ ಕಾಲು ಪೂರ್ತಿ ಊದಿಕೊಂಡು ತೊಡೆಸಂದು ಭಾರವಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಆ ಜಾಗ ಕೆಂಪಾಗಿ, ಗಂಟೆಗಂಟೆಗೂ ಹರಡುತ್ತಾ, ಕಪ್ಪಾಗುತ್ತಾ ಹೋದರೆ ಅದು ಜೀವಕ್ಕೇ ಅಪಾಯ.

ತೊಡೆಸಂದು ಅಂದರೆ ಸರಿಯಾಗಿ ಯಾವ ಜಾಗ?

ಕುರ್ಚಿಯಲ್ಲಿ ಕೂತಾಗ ಪ್ಯಾಂಟು ಮಡಚಿಕೊಳ್ಳುತ್ತದಲ್ಲ, ಅದೇ ಜಾಗ. ಸೊಂಟದ ಪಕ್ಕದಿಂದ ಮುಂದಕ್ಕೆ ಬೆರಳಾಡಿಸಿ. ಒಂದು ಗಟ್ಟಿ ಮೂಳೆಯ ತುದಿ ಸಿಗುತ್ತದೆ. ಇನ್ನು ಹೊಕ್ಕಳಿನಿಂದ ನೇರ ಕೆಳಗೆ ಬನ್ನಿ. ಕಿಬ್ಬೊಟ್ಟೆ ಮುಗಿಯುವಲ್ಲಿ ಪ್ಯೂಬಿಕ್ ಮೂಳೆ ಇದೆ. ಅದರ ಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ಒಂದು ಚಿಕ್ಕ ಉಬ್ಬು. ಈ ಎರಡು ಗುರುತುಗಳ ನಡುವೆ ಓರೆಯಾಗಿ ಗಟ್ಟಿ ನಾರಿನ ಪಟ್ಟಿಯೊಂದು ಬಿಗಿದಿದೆ. ಅದರ ಹೆಸರು ಇಂಗ್ವೈನಲ್ ಲಿಗಮೆಂಟ್. ಅದರ ಮೇಲಿನದು ಹೊಟ್ಟೆ, ಕೆಳಗಿನದು ತೊಡೆ. ಗಂಟು ಈ ಗೆರೆಯ ಮೇಲಿದೆಯೋ ಕೆಳಗಿದೆಯೋ ಅನ್ನುವುದರ ಮೇಲೆ ಎಷ್ಟೋ ವಿಷಯ ನಿಂತಿದೆ.

ಅಷ್ಟು ಚಿಕ್ಕ ಜಾಗದಲ್ಲಿ ಏನೇನು ಇದೆ?

ಹೊಟ್ಟೆಯಿಂದ ಕಾಲಿಗೆ ಹೋಗುವುದರಲ್ಲಿ ಹೆಚ್ಚಿನದು ಇಲ್ಲೇ ಹಾಯುತ್ತದೆ. ಇದು ನಾಲ್ಕು ದಾರಿ ಕೂಡುವ ಜಾಗ.

ಲಿಗಮೆಂಟಿನ ಮಧ್ಯಭಾಗಕ್ಕಿಂತ ಸ್ವಲ್ಪವೇ ಒಳಗೆ, ಅದರ ಕೆಳಗೆ ಎರಡು ಬೆರಳು ಒತ್ತಿ ಹಿಡಿಯಿರಿ. ನಾಡಿ ಬಡಿಯುವುದು ಗೊತ್ತಾಗುತ್ತದೆ. ಅದು ಕಾಲಿಗೆ ರಕ್ತ ಒಯ್ಯುವ ಫೆಮೊರಲ್ ಅಪಧಮನಿ. ಹೃದಯದ ಆಂಜಿಯೋಗ್ರಾಂಗೆ ತೊಡೆಯಿಂದ ತಂತಿ ಬಿಡುವುದು ಇದರೊಳಗೇ. ಅದರ ಹೊರಗಡೆಗೆ ನರ, ಒಳಗಡೆಗೆ ಹೃದಯಕ್ಕೆ ರಕ್ತ ವಾಪಸ್ ತರುವ ಅಭಿಧಮನಿ. ಅಭಿಧಮನಿಯ ಪಕ್ಕ, ಇನ್ನೂ ಒಳಗೆ, ಒಂದು ಪುಟ್ಟ ಖಾಲಿ ಸಂದು. ಈ ಖಾಲಿ ಸಂದನ್ನು ನೆನಪಿಟ್ಟುಕೊಳ್ಳಿ, ಹೆಂಗಸರ ಹರ್ನಿಯಾ ಬಗ್ಗೆ ಹೇಳುವಾಗ ಮತ್ತೆ ಬರುತ್ತದೆ.

ಲಿಗಮೆಂಟಿನ ಮೇಲೆ ಹೊಟ್ಟೆಯ ಗೋಡೆಯೊಳಗೆ ಸುಮಾರು 4 ಸೆಂಟಿಮೀಟರ್ ಉದ್ದದ ಓರೆ ದಾರಿಯೊಂದಿದೆ. ಇದು ಇಂಗ್ವೈನಲ್ ಕಾಲುವೆ. ಗಂಡಸರಲ್ಲಿ ಬೀಜದ ಹುರಿ ಇದರಲ್ಲಿ ಹಾಯುತ್ತದೆ, ಅಂದರೆ ವೀರ್ಯನಾಳ, ರಕ್ತನಾಳ, ನರ ಎಲ್ಲ ಸೇರಿದ ಕಟ್ಟು. ಹೆಂಗಸರಲ್ಲಿ ಗರ್ಭಕೋಶದಿಂದ ಬರುವ ಒಂದು ದುಂಡು ನಾರು ಹಾಯುತ್ತದೆ. ಚರ್ಮದ ಕೆಳಗೆ ದುಗ್ಧ ಗ್ರಂಥಿಗಳ, ಅಂದರೆ ಸೋಂಕು ತಡೆಯುವ ಲಿಂಫ್ ಗಂಟುಗಳ ಗೊಂಚಲು. ಒಳತೊಡೆಯಲ್ಲಿ ಎರಡು ತೊಡೆಗಳನ್ನು ಹತ್ತಿರಕ್ಕೆ ಎಳೆಯುವ ಐದು ಸ್ನಾಯುಗಳು. ಇದೆಲ್ಲದರ ಹಿಂದೆ, ಆಳದಲ್ಲಿ, ಸೊಂಟದ ಕೀಲು. ಸೊಂಟದ ಕೀಲು ಪಕ್ಕದಲ್ಲಿದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ತೊಡೆಸಂದಿನ ಹಿಂದೆಯೇ ಇದೆ.

ಹರ್ನಿಯಾ ಅಂದರೆ ಏನು? ಅಂಡವಾಯು ಅಂದರೂ ಅದೇನಾ?

ಹಳೆಯ ಸೈಕಲ್ ಟೈರು ಸವೆದ ಕಡೆ ಒಳಗಿನ ಟ್ಯೂಬು ಉಬ್ಬಿ ಹೊರಗೆ ಇಣುಕುತ್ತದಲ್ಲ, ಹಾಗೆ. ಹೊಟ್ಟೆಯ ಗೋಡೆ ತೆಳುವಾದ ಕಡೆ ಒಳಗಿನ ಪೊರೆ, ಕೊಬ್ಬು, ಕೆಲವು ಸಲ ಕರುಳು ಹೊರಗೆ ನೂಕಿಕೊಂಡು ಬರುತ್ತದೆ. "ಕರುಳು ಇಳಿದಿದೆ" ಅನ್ನುವ ಹಿರಿಯರ ಮಾತು ನಿಜಕ್ಕೆ ಹತ್ತಿರವೇ ಇದೆ. ಅಂಡವಾಯು ಅನ್ನುವ ಹಳೆಯ ಮಾತಿನಿಂದ ಮಾತ್ರ ಗೊಂದಲ ಜಾಸ್ತಿ. ಹರ್ನಿಯಾಕ್ಕೂ ಅದೇ ಹೆಸರು, ಬೀಜದ ಸುತ್ತ ನೀರು ತುಂಬುವ ಹೈಡ್ರೋಸೀಲಿಗೂ ಅದೇ ಹೆಸರು. ಎರಡೂ ಬೇರೆ ಬೇರೆ. ಹೈಡ್ರೋಸೀಲಿನಲ್ಲಿ ಊತದ ಮೇಲ್ತುದಿ ಬೆರಳಿಗೆ ಸಿಗುತ್ತದೆ, ಊತ ಬೀಜದ ಚೀಲದೊಳಗೇ ಮುಗಿಯುತ್ತದೆ. ಚೀಲದವರೆಗೆ ಇಳಿದ ಹರ್ನಿಯಾದಲ್ಲಿ ಮೇಲ್ತುದಿ ಸಿಗುವುದಿಲ್ಲ, ಅದು ಹೊಟ್ಟೆಯೊಳಕ್ಕೆ ಮುಂದುವರಿದಿರುತ್ತದೆ. ಕತ್ತಲ ಕೋಣೆಯಲ್ಲಿ ಟಾರ್ಚ್ ಹಿಡಿದರೆ ಹೈಡ್ರೋಸೀಲು ಸಾಮಾನ್ಯವಾಗಿ ಕೆಂಪಗೆ ಬೆಳಗುತ್ತದೆ. ಎಳೆಗೂಸುಗಳಲ್ಲಿ ಕರುಳೂ ಬೆಳಗಬಹುದು, ಹಾಗಾಗಿ ಅಲ್ಲಿ ಟಾರ್ಚನ್ನು ನಂಬಬೇಡಿ.

ಗಂಡಸರಿಗೇ ಯಾಕೆ ಜಾಸ್ತಿ?

ಇದಕ್ಕೆ ಉತ್ತರ ನಾವು ಹುಟ್ಟುವ ಮುಂಚೆಯೇ ಬರೆದಾಗಿದೆ. ಬೀಜಗಳು ಹುಟ್ಟುವುದು ಚೀಲದಲ್ಲಿ ಅಲ್ಲ. ಹೊಟ್ಟೆಯೊಳಗೆ, ಕಿಡ್ನಿಯ ಹತ್ತಿರ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಅವು ಕೆಳಗಿಳಿದು, ಆ 4 ಸೆಂಟಿಮೀಟರ್ ದಾರಿ ಹಾದು ಚೀಲಕ್ಕೆ ಬರುತ್ತವೆ. ಬರುವಾಗ ಹೊಟ್ಟೆಯ ಒಳಪೊರೆಯನ್ನೂ ಬೆರಳಿನ ಆಕಾರದಲ್ಲಿ ಜೊತೆಗೆ ಎಳೆದುಕೊಂಡಿರುತ್ತವೆ. ಆಮೇಲೆ ಆ ಪೊರೆ ಮುಚ್ಚಿಕೊಳ್ಳಬೇಕು. ಕೆಲವರಲ್ಲಿ ಮುಚ್ಚುವುದಿಲ್ಲ. ಮುಚ್ಚಿದರೂ ಆ ದಾರಿ ಜೀವನಪೂರ್ತಿ ಹೊಟ್ಟೆಗೋಡೆಯ ದುರ್ಬಲ ಜಾಗವಾಗಿಯೇ ಉಳಿಯುತ್ತದೆ.

ಗಂಡಸರಲ್ಲಿ ಸುಮಾರು 4ರಲ್ಲಿ ಒಬ್ಬರಿಗೆ ಬಾಳಿನಲ್ಲಿ ಎಂದಾದರೂ ತೊಡೆಸಂದಿನ ಹರ್ನಿಯಾ ಬರುತ್ತದೆ. ಹೆಂಗಸರಲ್ಲಿ 100ಕ್ಕೆ ಸುಮಾರು 3. ಬಲಗಡೆಗೆ ಜಾಸ್ತಿ. ಕಿಡ್ನಿಯ ಕಲ್ಲು ಸೊಂಟದಿಂದ ಜಾರುವಾಗ ನೋವು ಬೀಜದವರೆಗೆ ಯಾಕೆ ಹರಿಯುತ್ತದೆ ಅನ್ನುವುದಕ್ಕೂ ಈ ಹುಟ್ಟಿನ ಕಥೆಯೇ ಕಾರಣ. ಬೀಜ ಕೆಳಗಿಳಿದರೂ ಅದರ ನರಗಳ ಬೇರು ಮೇಲೆಯೇ ಉಳಿದಿದೆ.

ಭಾರ ಎತ್ತಿದ್ದರಿಂದಲೇ ಹರ್ನಿಯಾ ಬಂತಾ?

ಭಾರ ಒಂದೇ ಕಾರಣ ಅಲ್ಲ. ಗೋಡೆ ದುರ್ಬಲ ಇರಬೇಕು, ಒಳಗಿನಿಂದ ಒತ್ತಡವೂ ಬೀಳಬೇಕು. ವರ್ಷಗಟ್ಟಲೆ ಕೆಮ್ಮು, ಮಲಬದ್ಧತೆಯಿಂದ ದಿನಾ ತಿಣುಕುವುದು, ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ದೊಡ್ಡದಾಗಿ ಮೂತ್ರಕ್ಕೆ ಮುಕ್ಕುವುದು, ಇವೂ ಅಷ್ಟೇ ಒತ್ತಡ ಹಾಕುತ್ತವೆ. ಅಪ್ಪನಿಗೋ ಅಣ್ಣನಿಗೋ ಇದ್ದರೆ ನಿಮಗೂ ಬರುವ ಸಾಧ್ಯತೆ ಹೆಚ್ಚು. ಬೀಡಿ ಸಿಗರೇಟು ಸೇದುವವರಿಗೆ ಕೆಮ್ಮಿನ ಒತ್ತಡ ಸೇರಿಕೊಳ್ಳುತ್ತದೆ. ವಯಸ್ಸಾದವರಿಗೆ ಹೊಸದಾಗಿ ಹರ್ನಿಯಾ ಕಂಡರೆ ಒಳ್ಳೆಯ ಡಾಕ್ಟರು ಕೆಮ್ಮು, ಮಲ, ಮೂತ್ರದ ಬಗ್ಗೆಯೂ ಕೇಳುತ್ತಾರೆ. ಸುಮ್ನೆ ಕೇಳುವುದಲ್ಲ ಅದು.

ನನಗಿರುವುದು ಹರ್ನಿಯಾನಾ ಅಂತ ಹೇಗೆ ಗೊತ್ತಾಗುತ್ತದೆ?

ಅದರ ದಿನಚರಿ ನೋಡಿ. ರಾತ್ರಿ ಮಲಗಿದಾಗ ಮಾಯ. ಬೆಳಗ್ಗೆ ಎದ್ದಾಗಲೂ ಕಾಣುವುದಿಲ್ಲ. ನಿಂತು ಓಡಾಡಿ ಮಧ್ಯಾಹ್ನವಾಗುವ ಹೊತ್ತಿಗೆ ಮೆತ್ತಗೆ ಎದ್ದಿರುತ್ತದೆ. ಕೆಮ್ಮಿದರೆ ಬೆರಳನ್ನು ಹೊರಗೆ ತಳ್ಳುತ್ತದೆ. ಸಂಜೆಗೆ ಎಳೆದಂತೆ, ಭಾರವಾದಂತೆ ಅನಿಸುತ್ತದೆ. ಇಷ್ಟು ಇದ್ದರೆ ಡಾಕ್ಟರು ನಿಲ್ಲಿಸಿ, ಕೆಮ್ಮಿಸಿ, ಕೈಯಿಂದಲೇ ಹೇಳುತ್ತಾರೆ. ಅನುಮಾನ ಇದ್ದಾಗ ಮಾತ್ರ ಅಲ್ಟ್ರಾಸೌಂಡ್.

ಒಂದು ಎಚ್ಚರಿಕೆ. ಮಲಗಿದರೆ ಮಾಯವಾಗುವುದೆಲ್ಲ ಹರ್ನಿಯಾ ಅಲ್ಲ. ಕಾಲಿನ ಅಭಿಧಮನಿ ತೊಡೆಸಂದಿನ ಹತ್ತಿರ ಊದಿಕೊಂಡರೂ ನಿಂತಾಗ ಎದ್ದು ಮಲಗಿದಾಗ ಹೋಗುತ್ತದೆ. ನಾಡಿಯ ಜೊತೆ ತಾನೂ ಬಡಿಯುವ ಗಂಟು ಇದ್ದರೆ ಅದು ಅಪಧಮನಿಯ ಉಬ್ಬು ಇರಬಹುದು. ಅದನ್ನು ಕುರು ಅಂತ ಯಾರಿಂದಲೂ ಕುಯ್ಯಿಸಬೇಡಿ.

ನೋವೇ ಇಲ್ಲ. ಆಪರೇಷನ್ ಬೇಕೇ ಬೇಕಾ?

ಗಂಡಸರಿಗೆ, ಚಿಕ್ಕದಾಗಿ, ತೊಂದರೆ ಕೊಡದ ಹರ್ನಿಯಾ ಇದ್ದರೆ ಡಾಕ್ಟರ ಕಣ್ಣಳತೆಯಲ್ಲಿ ಕಾಯಬಹುದು. ಇದ್ದಕ್ಕಿದ್ದಂತೆ ಸಿಕ್ಕಿಹಾಕಿಕೊಳ್ಳುವ ಅಪಾಯ ವರ್ಷಕ್ಕೆ ತುಂಬಾ ಕಡಿಮೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅದೇ ಅಧ್ಯಯನಗಳಲ್ಲಿ ಕಾದವರ ಪೈಕಿ ಹೆಚ್ಚಿನವರು 10 ವರ್ಷದೊಳಗೆ ನೋವು ತಾಳಲಾರದೆ ಆಪರೇಷನ್ ಮಾಡಿಸಿಕೊಂಡಿದ್ದಾರೆ. ತಾನಾಗಿ ಮಾಯವಾಗುವ ಕಾಯಿಲೆ ಅಲ್ಲ ಇದು. ಮಾತ್ರೆ, ಎಣ್ಣೆ, ಪಟ್ಟು ಯಾವುದರಿಂದಲೂ ಗೋಡೆಯ ತೂತು ಮುಚ್ಚುವುದಿಲ್ಲ. ಬೆಲ್ಟ್ ಕಟ್ಟಿದರೆ ಒಳಗೆ ತಡೆದು ಹಿಡಿಯುತ್ತದೆ ಅಷ್ಟೇ. ಹೊರಗೆ ಬಂದ ಗಂಟಿನ ಮೇಲೆಯೇ ಬೆಲ್ಟ್ ಬಿಗಿದರೆ ಇನ್ನೂ ಕೇಡು.

ನನ್ನ ಅಭಿಪ್ರಾಯ ಕೇಳಿದರೆ, ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಮುಂದೂಡಬೇಡಿ. ಮೈಯಲ್ಲಿ ಶಕ್ತಿ ಇರುವಾಗ, ದಿನ ನೋಡಿಕೊಂಡು ಮಾಡಿಸಿಕೊಳ್ಳುವ ಆಪರೇಷನ್ನೇ ಬೇರೆ. ನಡುರಾತ್ರಿ ಕರುಳು ಸಿಕ್ಕಿಕೊಂಡು ಮಾಡಿಸಿಕೊಳ್ಳುವುದೇ ಬೇರೆ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಹೊರಬಂದದ್ದನ್ನು ಒಳಗಿಟ್ಟು ಗೋಡೆ ಬಲಪಡಿಸುತ್ತಾರೆ. ಇಟಲಿಯ ಸರ್ಜನ್ ಎಡೊವಾರ್ಡೊ ಬಸೀನಿ 1880ರ ದಶಕದಲ್ಲಿ ಈ ಗೋಡೆಯನ್ನು ಪದರ ಪದರವಾಗಿ ಹೊಲಿಯುವ ಕ್ರಮ ಹಾಕಿಕೊಟ್ಟರು. ಅದಕ್ಕೂ ಮುಂಚೆ ಆಪರೇಷನ್ ಆದವರಿಗೆ ಹರ್ನಿಯಾ ಮತ್ತೆ ಬರುವುದು ಮಾಮೂಲಾಗಿತ್ತು. ಆದರೆ ಎಳೆದು ಹೊಲಿದ ಬಟ್ಟೆ ಹೊಲಿಗೆಯ ಜಾಗದಲ್ಲೇ ಹರಿಯುತ್ತದೆ ಅಲ್ವಾ? ಅದಕ್ಕೇ 1980ರ ದಶಕದಲ್ಲಿ ಅಮೆರಿಕದ ಇರ್ವಿಂಗ್ ಲಿಕ್ಟನ್‌ಸ್ಟೈನ್ ಎಳೆಯದೆ, ಮೇಲೊಂದು ಬಲೆಯ ತೇಪೆ ಇಡುವ ವಿಧಾನವನ್ನು ಪ್ರಚಾರಕ್ಕೆ ತಂದರು. ದೊಡ್ಡವರಿಗೆ ಈಗ ಹೆಚ್ಚಾಗಿ ಮಾಡುವುದು ಈ ಬಲೆ, ಅಂದರೆ ಮೆಷ್ ಇಡುವ ಆಪರೇಷನ್ನೇ. ತೆರೆದು ಮಾಡಬಹುದು, ಇಲ್ಲವೇ ಸಣ್ಣ ತೂತುಗಳ ಮೂಲಕ ಲ್ಯಾಪರೋಸ್ಕೋಪಿಯಲ್ಲಿ ಮಾಡಬಹುದು. ಎರಡೂ ಕಡೆ ಹರ್ನಿಯಾ ಇದ್ದರೆ, ಮೊದಲು ತೆರೆದು ಮಾಡಿದ್ದು ಮತ್ತೆ ಬಂದಿದ್ದರೆ, ಲ್ಯಾಪರೋಸ್ಕೋಪಿ ಅನುಕೂಲ.

ಆಪರೇಷನ್ ಆದ ಮೇಲೆ ಎಷ್ಟು ದಿನ ಮಲಗಿರಬೇಕು?

ಮಲಗಿರಲೇಬಾರದು. ಅವತ್ತೇ ಎದ್ದು ಓಡಾಡಿಸುತ್ತಾರೆ. ಕೂತು ಮಾಡುವ ಕೆಲಸಕ್ಕೆ ತುಂಬ ಜನ ಒಂದೆರಡು ವಾರದಲ್ಲಿ ಮರಳುತ್ತಾರೆ. ಭಾರದ ಕೆಲಸಕ್ಕೆ ನಾಲ್ಕರಿಂದ ಆರು ವಾರ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ನಿಮ್ಮ ಸರ್ಜನ್ ಮಾತೇ ಕೊನೆ. ಮೊದಲ ವಾರ ಬೀಜದ ಚೀಲ ನೀಲಿಗಟ್ಟಿ ಊದಿಕೊಂಡರೆ ಹೆದರಬೇಡಿ, ರಕ್ತ ಇಳಿದು ಹಾಗಾಗುತ್ತದೆ. ಜ್ವರ, ಗಾಯದಿಂದ ಕೀವು, ಮೂತ್ರ ಕಟ್ಟುವುದು, ದಿನದಿನಕ್ಕೂ ಹೆಚ್ಚುವ ಊತ ಇದ್ದರೆ ಹೋಗಿ ತೋರಿಸಿ. ಸುಮಾರು 10ರಲ್ಲಿ ಒಬ್ಬರಿಗೆ ಮೂರು ತಿಂಗಳು ಕಳೆದರೂ ಸ್ವಲ್ಪ ನೋವು, ಜೋಮು ಉಳಿಯಬಹುದು. ಆಪರೇಷನ್‌ಗೆ ಮುಂಚೆಯೇ ಇದನ್ನು ಕೇಳಿ ತಿಳಿದುಕೊಂಡಿರುವುದು ಒಳ್ಳೆಯದು.

ದೊಡ್ಡಪ್ಪ ಆಪರೇಷನ್ ಆಗಿ ಆರು ತಿಂಗಳಾದರೂ ಸೀನು ಬಂದರೆ ಕೈಯನ್ನು ಅಲ್ಲಿಗೇ ಒಯ್ಯುತ್ತಿದ್ದರು. ದೊಡ್ಡಮ್ಮ "ಇನ್ನೇನಿದೆ ಅಲ್ಲಿ ಹಿಡಿಯಕ್ಕೆ?" ಅಂತ ನಗುತ್ತಿದ್ದರು.

ಹೆಂಗಸರಿಗೂ ಬರುತ್ತಾ?

ಬರುತ್ತದೆ, ಮತ್ತು ಅದನ್ನು ಹಗುರವಾಗಿ ತೆಗೆದುಕೊಳ್ಳುವುದೇ ದೊಡ್ಡ ತಪ್ಪು. ಅಭಿಧಮನಿಯ ಪಕ್ಕದ ಆ ಖಾಲಿ ಸಂದಿನಲ್ಲಿ ಇಳಿಯುವ ಫೆಮೊರಲ್ ಹರ್ನಿಯಾ ಹೆಂಗಸರಲ್ಲೇ ಜಾಸ್ತಿ. ಅದು ತೊಡೆಸಂದಿನ ಗೆರೆಯ ಕೆಳಗೆ ಗೋಲಿಯಷ್ಟು ಚಿಕ್ಕ ಗಂಟಾಗಿ ಕಾಣಬಹುದು. ಸಂದಿನ ಬಾಯಿ ಕಿರಿದು, ಅಂಚು ಗಟ್ಟಿ. ಹಾಗಾಗಿ ಸಿಕ್ಕಿಹಾಕಿಕೊಳ್ಳುವ ಅಪಾಯ ತುಂಬಾ ಹೆಚ್ಚು. ಇದರಲ್ಲಿ ಕಾಯುವ ಮಾತಿಲ್ಲ, ಕಂಡ ಮೇಲೆ ಬೇಗ ಆಪರೇಷನ್. ವಯಸ್ಸಾದ ಹೆಂಗಸರು ಹೊಟ್ಟೆ ಉಬ್ಬರ, ವಾಂತಿ ಅಂತ ಬಂದಾಗ ತೊಡೆಸಂದನ್ನೂ ನೋಡಲೇಬೇಕು. ಸೀರೆಯ ನೆರಿಗೆಯೊಳಗೆ ಆ ಗೋಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಸಿರಿನಲ್ಲಿ ತೊಡೆಸಂದು ನೋಯುವುದು ಬೇರೆ ವಿಷಯ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ, ಒಂಟಿ ಕಾಲಲ್ಲಿ ನಿಂತು ಬಟ್ಟೆ ಹಾಕಿಕೊಳ್ಳುವಾಗ ಮುಂದೆ ಪ್ಯೂಬಿಕ್ ಮೂಳೆಗಳು ಕೂಡುವ ಜಾಗದಲ್ಲಿ ಚುರ್ ಅನ್ನುತ್ತದೆ. ಕೂತು ಬಟ್ಟೆ ಹಾಕಿಕೊಳ್ಳಿ, ಮಂಡಿಗಳ ನಡುವೆ ದಿಂಬು ಇಟ್ಟು ಮಲಗಿ, ಹೆಜ್ಜೆ ಚಿಕ್ಕದಾಗಿಡಿ. ಬಸಿರಿನಲ್ಲಿ ಹೊಸದಾಗಿ ಎದ್ದ ಗಂಟು ಊದಿಕೊಂಡ ಅಭಿಧಮನಿಗಳ ಗೊಂಚಲೂ ಇರಬಹುದು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ, ಹೆರಿಗೆಯ ಮೇಲೆ ಇಳಿಯುತ್ತದೆ.

ಮಗುವಿಗೆ ಅತ್ತಾಗ ತೊಡೆಸಂದು ಉಬ್ಬುತ್ತದೆ. ದೊಡ್ಡದಾದ ಮೇಲೆ ಸರಿಹೋಗುತ್ತಾ?

ಹರ್ನಿಯಾ ಆದರೆ ಸರಿಹೋಗುವುದಿಲ್ಲ. ಎಳೆಗೂಸುಗಳಲ್ಲಿ ಬೇಗ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ತಡ ಮಾಡದೆ ಆಪರೇಷನ್ ಮಾಡುತ್ತಾರೆ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಇದು ಹೆಚ್ಚು. ಬೀಜದ ಸುತ್ತ ಬರೀ ನೀರಿದ್ದರೆ ಒಂದೆರಡು ವರ್ಷದೊಳಗೆ ತಾನಾಗಿ ಇಳಿಯುವುದುಂಟು. ಯಾವುದು ಅಂತ ಹೇಳಬೇಕಾದವರು ಡಾಕ್ಟರು.

ಗಂಡುಮಗುವಿಗೆ ಸ್ನಾನ ಮಾಡಿಸುವಾಗ ಎರಡೂ ಬೀಜ ಚೀಲದಲ್ಲಿವೆಯಾ ಅಂತ ಒಮ್ಮೆ ನೋಡಿ. ದಿನ ತುಂಬಿ ಹುಟ್ಟಿದ 100 ಗಂಡುಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಒಂದಾದರೂ ಇಳಿದಿರುವುದಿಲ್ಲ. ಆರು ತಿಂಗಳಾದರೂ ಇಳಿಯದಿದ್ದರೆ ತೋರಿಸಿ. ಒಂದೂವರೆ ವರ್ಷದೊಳಗೆ ಇಳಿಸಿ ಕೂರಿಸಿದರೆ ಮುಂದೆ ಮಕ್ಕಳಾಗುವ ಶಕ್ತಿಗೂ ಒಳ್ಳೆಯದು, ಕ್ಯಾನ್ಸರ್ ಅಪಾಯವೂ ತಗ್ಗುತ್ತದೆ.

ಅವರೆಕಾಳಿನಷ್ಟು ಗಂಟು ಕೈಗೆ ಸಿಗುತ್ತಿದೆ. ಕ್ಯಾನ್ಸರಾ?

ಹೆಚ್ಚಾಗಿ ಅಲ್ಲ. ತೊಡೆಸಂದಿನ ದುಗ್ಧ ಗ್ರಂಥಿಗಳು ಆರೋಗ್ಯವಂತರಲ್ಲೂ ಕೈಗೆ ಸಿಗುತ್ತವೆ. ಕಾಲು, ಪೃಷ್ಠ, ಹೊಕ್ಕಳಿನ ಕೆಳಗಿನ ಹೊಟ್ಟೆಗೋಡೆ, ಜನನಾಂಗದ ಹೊರಭಾಗ, ಗುದದ್ವಾರ, ಇಷ್ಟು ಪ್ರದೇಶದ ಕಾವಲು ಅವುಗಳದ್ದು. ಹೆಬ್ಬೆರಳಿಗೆ ಮುಳ್ಳು ಚುಚ್ಚಿ ಕೀವಾದರೂ ತೊಡೆಸಂದಿನಲ್ಲಿ ಗಂಟು ಕಟ್ಟುತ್ತದೆ. ಹಾಗಾಗಿ ಗಂಟು ಸಿಕ್ಕಾಗ ಮೊದಲು ಪಾದ ನೋಡಿ, ಬೆರಳ ಸಂದು ನೋಡಿ, ಒಡೆದ ಹಿಮ್ಮಡಿ ನೋಡಿ.

ಎರಡು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಕಲ್ಲಿನ ಹಾಗೆ ಗಟ್ಟಿಯಿದ್ದರೆ, ಅಲುಗಾಡದಿದ್ದರೆ, ನಾಲ್ಕು ವಾರವಾದರೂ ಇಳಿಯದಿದ್ದರೆ, ಜೊತೆಗೆ ತೂಕ ಇಳಿಕೆ, ರಾತ್ರಿ ಬೆವರು, ಸಂಜೆ ಜ್ವರ ಇದ್ದರೆ ಪರೀಕ್ಷೆ ಬೇಕು. ಜನನಾಂಗದ ಮೇಲೆ ಹುಣ್ಣಿದ್ದರೆ ಅದನ್ನು ಮುಚ್ಚಿಡಬೇಡಿ. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ನಲ್ಲಿ ಹುಣ್ಣೂ ನೋಯುವುದಿಲ್ಲ, ಗಂಟೂ ನೋಯುವುದಿಲ್ಲ. ನೋವಿಲ್ಲ ಅಂತ ಸುಮ್ಮನಾದವರಲ್ಲೇ ಅದು ಒಳಗೆ ಇಳಿಯುವುದು. ಆರಂಭದಲ್ಲಿ ಪೆನ್ಸಿಲಿನ್ ಇಂಜೆಕ್ಷನ್‌ಗೆ ಪೂರ್ತಿ ವಾಸಿಯಾಗುತ್ತದೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಬೀಜದ ಕ್ಯಾನ್ಸರ್ ಸಾಮಾನ್ಯವಾಗಿ ತೊಡೆಸಂದಿನ ಗ್ರಂಥಿಗೆ ಹರಡುವುದಿಲ್ಲ, ಹೊಟ್ಟೆಯ ಆಳದ ಗ್ರಂಥಿಗಳಿಗೆ ಹೋಗುತ್ತದೆ. ಅದೇ ಹುಟ್ಟಿನ ಕಥೆ ಇಲ್ಲಿಯೂ. ಹಾಗಾಗಿ ತೊಡೆಸಂದಿನಲ್ಲಿ ಏನೂ ಇಲ್ಲ ಅಂತ ಬೀಜದ ಗಟ್ಟಿ ಗಂಟನ್ನು ಕಡೆಗಣಿಸಬಾರದು. ಗಂಟಿನ ಹೆಸರೇ ಒಂದು ಮಹಾಮಾರಿಗೆ ಅಂಟಿಕೊಂಡಿದೆ. ಪ್ಲೇಗಿಗೆ ಬ್ಯೂಬಾನಿಕ್ ಅನ್ನುವ ಹೆಸರು ಬಂದದ್ದು ತೊಡೆಸಂದಿಗೆ ಇರುವ ಗ್ರೀಕ್ ಪದದಿಂದ. ಕಾಲಿಗೆ ಚಿಗಟ ಕಚ್ಚಿದರೆ ಗಂಟು ಏಳುತ್ತಿದ್ದದ್ದು ಇಲ್ಲೇ.

ಆಟ ಆಡುವಾಗ ಒಳತೊಡೆ ಹಿಡಿದುಕೊಂಡಿತು. ವಾಸಿಯಾಗಲು ಎಷ್ಟು ದಿನ ಬೇಕು?

ಓಡುತ್ತಾ ತಟ್ಟನೆ ದಿಕ್ಕು ಬದಲಿಸುವ, ಚೆಂಡು ಒದೆಯುವ ಆಟಗಳಲ್ಲಿ ಇದು ಮಾಮೂಲು. ಐದು ಒಳತೊಡೆ ಸ್ನಾಯುಗಳಲ್ಲಿ ಅಡಕ್ಟರ್ ಲಾಂಗಸ್ ಅನ್ನುವುದೇ ಹೆಚ್ಚಾಗಿ ಪೆಟ್ಟು ತಿನ್ನುತ್ತದೆ. ಬೆನ್ನಮೇಲೆ ಮಲಗಿ, ಮಂಡಿ ಮಡಚಿ, ಮಂಡಿಗಳ ನಡುವೆ ಒಂದು ಚೆಂಡಿಟ್ಟು ಮೆಲ್ಲಗೆ ಒತ್ತಿ. ಮೂಳೆಗೆ ಸ್ನಾಯು ಅಂಟುವ ಜಾಗದಲ್ಲೇ ನೋವಾದರೆ ಅನುಮಾನ ಗಟ್ಟಿ. ಸಣ್ಣ ಎಳೆತ ಒಂದೆರಡು ವಾರ, ಸ್ವಲ್ಪ ಹರಿದಿದ್ದರೆ ಕೆಲವು ವಾರಗಳು. ಮೊದಲ ಎರಡು ಮೂರು ದಿನ ಬಟ್ಟೆ ಸುತ್ತಿದ ಐಸು, ವಿಶ್ರಾಂತಿ. ಬಿಸಿಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಬೇಡಿ. ಜೋರಾಗಿ ಎಳೆದು ಸ್ಟ್ರೆಚ್ ಮಾಡುವುದೂ ಆಗ ಬೇಡ.

ತಿಂಗಳುಗಟ್ಟಲೆ ಉಳಿದ ನೋವಿಗೆ ಬರೀ ವಿಶ್ರಾಂತಿ ಉತ್ತರ ಅಲ್ಲ. ಸ್ನಾಯುವನ್ನು ಬಲಪಡಿಸಬೇಕು. 1999ರಲ್ಲಿ ಡೆನ್ಮಾರ್ಕಿನ ಅಧ್ಯಯನವೊಂದು ಪ್ರಕಟವಾಯಿತು. ದೀರ್ಘಕಾಲದ ಒಳತೊಡೆ ನೋವಿನ ಆಟಗಾರರಲ್ಲಿ ಒಂದು ಗುಂಪಿಗೆ ಮಸಾಜು, ಲೇಸರ್, ಸ್ಟ್ರೆಚಿಂಗ್, ಇನ್ನೊಂದಕ್ಕೆ ಕ್ರಮವಾದ ವ್ಯಾಯಾಮ. ವ್ಯಾಯಾಮದ ಗುಂಪಿನ 29 ಜನರಲ್ಲಿ 23 ಮಂದಿ ನೋವಿಲ್ಲದೆ ಆಟಕ್ಕೆ ಮರಳಿದರು. ಇನ್ನೊಂದರಲ್ಲಿ 30ರಲ್ಲಿ 4 ಮಂದಿ. ನೋವು ಬರುವ ಮುಂಚೆಯೇ ತಡೆಯಲು ಕೋಪನ್‌ಹೇಗನ್ ವ್ಯಾಯಾಮ ಒಳ್ಳೆಯದು. ಮಗ್ಗುಲಾಗಿ ಮೊಣಕೈ ಊರಿ, ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು, ಸೊಂಟ ಎತ್ತಿ ಕೆಳಗಿನ ಕಾಲನ್ನು ಅದಕ್ಕೆ ತಾಗಿಸುವುದು. ನಾರ್ವೆಯ ಫುಟ್‌ಬಾಲ್ ತಂಡಗಳಲ್ಲಿ ಇದನ್ನು ಮಾಡಿಸಿ ನೋಡಿದಾಗ ತೊಡೆಸಂದಿನ ತೊಂದರೆ 41 ಪ್ರತಿಶತ ಇಳಿಯಿತು.

ಆಟಗಾರರ ಬಹುಕಾಲದ ತೊಡೆಸಂದಿನ ನೋವಿಗೆ "ಸ್ಪೋರ್ಟ್ಸ್ ಹರ್ನಿಯಾ" ಅನ್ನುವ ಮಾತು ಕೇಳಿರಬಹುದು. ಅದರಲ್ಲಿ ಹೊರಬಂದ ಗಂಟೇ ಇರುವುದಿಲ್ಲ, ಹೆಸರೇ ದಾರಿ ತಪ್ಪಿಸುತ್ತದೆ. 2014ರಲ್ಲಿ ದೋಹಾದಲ್ಲಿ ಸೇರಿದ ತಜ್ಞರು ಆ ಹೆಸರು ಬಿಟ್ಟು, ನೋವು ಯಾವ ಜಾಗಕ್ಕೆ ಸಂಬಂಧಿಸಿದ್ದು ಅಂತ ನೋಡಿ ಹೆಸರಿಡೋಣ ಅಂತ ಒಪ್ಪಿಕೊಂಡರು.

ಗಂಟೂ ಇಲ್ಲ, ಪೆಟ್ಟೂ ಬಿದ್ದಿಲ್ಲ. ಆದರೂ ನೋವು ಯಾಕೆ?

ಸೊಂಟದ ಕೀಲನ್ನು ಅನುಮಾನಿಸಿ. ಕೀಲಿನ ನೋವು ಇರುವವರನ್ನು "ಎಲ್ಲಿ ನೋವು?" ಅಂತ ಕೇಳಿದರೆ ಹೆಬ್ಬೆರಳು, ತೋರುಬೆರಳು ಅಗಲಿಸಿ ಸೊಂಟದ ಪಕ್ಕವನ್ನು ಕಚ್ಚಿ ಹಿಡಿದು ತೋರಿಸುತ್ತಾರೆ. ಚಪ್ಪಲಿ ಹಾಕಲು ಬಗ್ಗುವುದು, ಕಾರಿನಿಂದ ಇಳಿಯುವುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು ಕಷ್ಟವಾಗುತ್ತದೆ. ವಯಸ್ಸಾದವರಲ್ಲಿ ಸವೆತ ಕಾರಣ. ತುಂಬ ಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ, ಮದ್ಯ ಜಾಸ್ತಿ ಕುಡಿಯುವವರಲ್ಲಿ ಕೀಲಿನ ಚೆಂಡಿಗೆ ರಕ್ತ ಸಿಗದೆ ಮೂಳೆ ಸಾಯುವುದುಂಟು. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣುತ್ತದೆ, ಎಂಆರ್‌ಐನಲ್ಲಿ ಸಿಗುತ್ತದೆ. ದೂರ ಓಡುವವರಿಗೆ ಓಡಿದಾಗೆಲ್ಲ ತೊಡೆಸಂದಿನ ಆಳದಲ್ಲಿ ನೋವಾದರೆ ತೊಡೆಮೂಳೆಯ ಕತ್ತಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಹಲ್ಲುಕಚ್ಚಿ ಓಡಬೇಡಿ, ಅದು ಪೂರ್ತಿ ಮುರಿಯಬಹುದು.

ಬೆಳೆಯುವ ಮಕ್ಕಳ ವಿಷಯದಲ್ಲಿ ಒಂದು ಮಾತು. ಹತ್ತರಿಂದ ಹದಿನಾರು ವಯಸ್ಸಿನ ಮಗು ಕುಂಟುತ್ತಾ "ಮಂಡಿ ನೋವು" ಅಂದರೆ ಸೊಂಟವನ್ನೂ ಪರೀಕ್ಷೆ ಮಾಡಿಸಿ. ಸೊಂಟಕ್ಕೂ ಮಂಡಿಗೂ ಒಂದೇ ನರದ ಕವಲು ಹೋಗುವುದರಿಂದ ನೋವು ವಿಳಾಸ ತಪ್ಪುತ್ತದೆ. ಬೆಳೆಯುವ ಮೂಳೆಯ ತುದಿ ಜಾರಿದ್ದರೆ ಬೇಗ ಗೊತ್ತಾದಷ್ಟೂ ಒಳ್ಳೆಯದು.

ತೊಡೆಯ ಹೊರಗಡೆ ಉರಿ, ಜೋಮು ಇದ್ದರೆ ಅದು ಬೇರೆ. ಬಿಗಿ ಬೆಲ್ಟ್, ಬಿಗಿ ಪ್ಯಾಂಟು, ಹೆಚ್ಚಿದ ಹೊಟ್ಟೆ ಒಂದು ಚರ್ಮದ ನರವನ್ನು ಒತ್ತುತ್ತಿರುತ್ತದೆ. ಬೆಲ್ಟ್ ಸಡಿಲಿಸಿದರೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ.

ತುರಿಕೆ ಹೋಗುತ್ತಲೇ ಇಲ್ಲ. ಯಾವ ಮುಲಾಮು ಹಚ್ಚಲಿ?

ಇದೇ ನನಗೆ ಬರುವ ಅತಿ ಹೆಚ್ಚಿನ ಪ್ರಶ್ನೆ. ಉಂಗುರದ ಹಾಗೆ ಅಂಚು ಕೆಂಪಾಗಿ ಎದ್ದು, ನಡುವೆ ತಿಳಿಯಾಗಿ, ಹೊರಕ್ಕೆ ಹರಡುತ್ತಿದ್ದರೆ ಅದು ಹುಳುಕಡ್ಡಿ. ಹೆಸರಲ್ಲಿ ಹುಳು ಇದ್ದರೂ ಅದು ಶಿಲೀಂಧ್ರ. ಸಾಮಾನ್ಯವಾಗಿ ಬೀಜದ ಚೀಲವನ್ನು ಬಿಟ್ಟು ತೊಡೆಯ ಮೇಲೆ ಹರಡುತ್ತದೆ. ಚೀಲವೂ ಕೆಂಪಾಗಿ, ಅಂಚಿನ ಆಚೆ ಚಿಕ್ಕ ಚಿಕ್ಕ ಗುಳ್ಳೆ ಇದ್ದರೆ ಕ್ಯಾಂಡಿಡಾ ಅನ್ನುವ ಇನ್ನೊಂದು ಶಿಲೀಂಧ್ರ ಇರಬಹುದು. ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಕಂದು ಬಣ್ಣದ, ಹೆಚ್ಚು ತುರಿಸದ ಮಚ್ಚೆಯಾದರೆ ಬ್ಯಾಕ್ಟೀರಿಯಾದ ಎರಿತ್ರಾಸ್ಮಾ ಇರಬಹುದು. ವುಡ್ಸ್ ಲ್ಯಾಂಪ್ ಅನ್ನುವ ನೇರಳಾತೀತ ದೀಪದ ಬೆಳಕಿನಲ್ಲಿ ಅದು ಹವಳದ ಕೆಂಪಲ್ಲಿ ಹೊಳೆಯುತ್ತದೆ. ಮೂರಕ್ಕೂ ಔಷಧ ಬೇರೆ ಬೇರೆ ಇರಬಹುದು.

ದಯವಿಟ್ಟು ಸ್ಟೀರಾಯ್ಡ್ ಬೆರೆತ ಮುಲಾಮನ್ನು ಸ್ವಂತವಾಗಿ ಹಚ್ಚಬೇಡಿ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಮಾಯಾಜಾಲದಂತೆ. ಆದರೆ ಶಿಲೀಂಧ್ರ ಕೆಳಗೆ ಬೆಳೆಯುತ್ತಲೇ ಇರುತ್ತದೆ. ನಿಲ್ಲಿಸಿದರೆ ಇನ್ನೂ ಜೋರಾಗಿ ಬರುತ್ತದೆ, ಮತ್ತೆ ಹಚ್ಚುತ್ತೀರಿ. ತೊಡೆಸಂದಿನ ಚರ್ಮ ತೆಳು. ಕೆಲವು ತಿಂಗಳಲ್ಲಿ ಅಲ್ಲಿ ಅಳಿಸಲಾಗದ ಬಿರುಕು ಗೆರೆ ಬೀಳುತ್ತವೆ. ಚರ್ಮದ ಡಾಕ್ಟರು ಕೊಟ್ಟ ಔಷಧವನ್ನು ಕಲೆ ಮಾಯವಾದ ಮೇಲೂ ಹೇಳಿದಷ್ಟು ದಿನ ಮುಂದುವರಿಸಿ. ಮನೆಯಲ್ಲಿ ಬೇರೆಯವರಿಗೂ ತುರಿಕೆ ಇದ್ದರೆ ಎಲ್ಲರೂ ಒಟ್ಟಿಗೆ ಔಷಧ ತೆಗೆದುಕೊಳ್ಳಿ, ಟವೆಲ್ ಬೇರೆ ಮಾಡಿ. ಕಾಲ್ಬೆರಳ ಸಂದಿನಲ್ಲೂ ಶಿಲೀಂಧ್ರ ಇದ್ದರೆ ಮೊದಲು ಸಾಕ್ಸ್ ಹಾಕಿ, ಆಮೇಲೆ ಒಳಚಡ್ಡಿ. ಇಲ್ಲದಿದ್ದರೆ ಪಾದದಿಂದ ಚಡ್ಡಿಗೆ, ಚಡ್ಡಿಯಿಂದ ತೊಡೆಸಂದಿಗೆ ಅದೇ ಬರುತ್ತದೆ. ಸ್ನಾನದ ಮೇಲೆ ಪೂರ್ತಿ ಒರೆಸಿ ಒಣಗಿಸಿ, ಸಡಿಲ ಹತ್ತಿ ಬಟ್ಟೆ ಹಾಕಿ.

ಕೂದಲು ಬೋಳಿಸಿದ ಮೇಲೆ ಏಳುವ ಗುಳ್ಳೆಗಳು ಹೆಚ್ಚಾಗಿ ಒಳಗೆ ಬಾಗಿದ ಕೂದಲಿನಿಂದ. ಕೆಲವು ವಾರ ಬೋಳಿಸುವುದು ಬಿಟ್ಟರೆ ಇಳಿಯುತ್ತವೆ. ಆದರೆ ತೊಡೆಸಂದಿನಲ್ಲೂ ಕಂಕುಳಲ್ಲೂ ಮತ್ತೆ ಮತ್ತೆ ಕುರು ಎದ್ದು, ಒಡೆದು, ಗಾಯದ ಗುರುತು ಉಳಿಸುತ್ತಿದ್ದರೆ ಅದು ಹಿಡ್ರಾಡೆನೈಟಿಸ್ ಅನ್ನುವ ಕಾಯಿಲೆ. ಅದು ಕೊಳಕಿನಿಂದ ಬರುವುದಲ್ಲ, ಅಂಟುವುದೂ ಇಲ್ಲ. ವರ್ಷಗಟ್ಟಲೆ ತಮ್ಮನ್ನೇ ಬೈದುಕೊಂಡು ಕೂತವರಿಗೆ ಇದನ್ನು ಹೇಳಲೇಬೇಕು.

ಡಾಕ್ಟರ ಹತ್ತಿರ ಹೇಗೆ ಹೇಳಲಿ? ನಾಚಿಕೆ ಆಗುತ್ತದೆ.

"ತೊಡೆಸಂದಿನಲ್ಲಿ ಗಂಟಿದೆ", "ಬೀಜ ನೋಯುತ್ತಿದೆ" ಅಂತ ಬಾಯಿಬಿಟ್ಟು ಹೇಳಿ. "ಅಲ್ಲಿ", "ಆ ಜಾಗ" ಅಂದರೆ ಅವರು ಇನ್ನೇನೋ ಅಂದುಕೊಳ್ಳುತ್ತಾರೆ. ಹೆಂಗಸರು ಲೇಡಿ ಡಾಕ್ಟರ್ ಬೇಕು ಅಂತ ಕೇಳಬಹುದು, ಜೊತೆಗೆ ಮನೆಯವರನ್ನು ಒಳಗೆ ಕರೆದುಕೊಳ್ಳಬಹುದು. ಯಾವಾಗ ಶುರುವಾಯಿತು, ಕೆಮ್ಮಿದರೆ ಏನಾಗುತ್ತದೆ, ಮಲಗಿದರೆ ಹೋಗುತ್ತದಾ, ಇಲ್ಲಿಯವರೆಗೆ ಏನೇನು ಹಚ್ಚಿದ್ದೀರಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಲಾಮಿನ ಟ್ಯೂಬು ಇದ್ದರೆ ಜೊತೆಗೇ ಒಯ್ಯಿರಿ. ಗಂಟು ಬಂದು ಹೋಗುವುದಾದರೆ ಬೆಳಗ್ಗೆ ಹೋಗಬೇಡಿ, ಸಂಜೆಯ ಸಮಯ ಕೇಳಿ. ಒಳಗೆ ಕರೆದ ಮೇಲೆ ನೇರವಾಗಿ ಮೇಜಿನ ಮೇಲೆ ಮಲಗಿಬಿಡಬೇಡಿ. "ನಿಂತಾಗ ಮಾತ್ರ ಕಾಣುತ್ತದೆ, ಮೊದಲು ನಿಲ್ಲಿಸಿ ನೋಡಿ" ಅಂತ ನೀವೇ ಹೇಳಿ.